ಹನ್ನೆರಡು ಬೆರಳಿಗೆ ಒಂದು ಜೊತೆ ಬೂಟು

ಚಪ್ಪಲಿ ಅಂಗಡಿಯಲ್ಲಿ ಮೊದಲು ಕೇಳುವುದು ‘ನಂಬರ್ ಎಷ್ಟು?’ ಎಂದು. ಎಂಟೋ ಒಂಬತ್ತೋ ಹೇಳುತ್ತೇವೆ. ಆ ಅಂಕಿ ಹೇಳುವುದು ಪಾದದ ಉದ್ದವನ್ನಷ್ಟೇ. ಮುಂಗಾಲು ಎಷ್ಟು ಅಗಲ, ಹಿಂದೊಮ್ಮೆ ಉಳುಕಿದ ಕಣಕಾಲು ಈಗ ಹೇಗಿದೆ ಎಂದು ಯಾರೂ ಕೇಳುವುದಿಲ್ಲ. ನನ್ನದು ಚಪ್ಪಟೆ ಪಾದ. ಹೈಸ್ಕೂಲಿನಲ್ಲಿ ಸ್ಟಡ್ ಬೂಟು ಹಾಕಿಕೊಂಡು ಫುಟ್‌ಬಾಲ್ ಆಡಿದ ರಾತ್ರಿಯೆಲ್ಲ ಹಿಮ್ಮಡಿ ಉರಿಯುತ್ತಿತ್ತು. ‘ಹಾಕ್ತಾ ಹಾಕ್ತಾ ಹೊಂದಿಕೊಳ್ಳುತ್ತೆ’ ಎನ್ನುತ್ತಿದ್ದರು. ಬೂಟು ಕಾಲಿಗೆ ಹೊಂದಿಕೊಳ್ಳಬೇಕೋ, ಕಾಲು ಬೂಟಿಗೋ?

ಬೂಟು ಹೊಲಿಯುವವರು ಮೊದಲು ಪಾದದ ಆಕಾರದ ಮರದ ಅಚ್ಚು ಮಾಡಿಕೊಳ್ಳುತ್ತಿದ್ದರು. ಯುರೋಪಿನಲ್ಲಿ ಬಹುಕಾಲ ಎಡಕ್ಕೂ ಬಲಕ್ಕೂ ಒಂದೇ ನೇರ ಅಚ್ಚು ಸಾಕಾಗಿತ್ತು. ಎಡ ಬಲ ಬೇರೆ ಎಂಬ ವಿವೇಕ ಮತ್ತೆ ರೂಢಿಗೆ ಬಂದದ್ದು 19ನೇ ಶತಮಾನದಲ್ಲಿ. ಆಮೇಲೆ ಕಾರ್ಖಾನೆಗಳು ಬಂದವು. ಒಂದು ಅಚ್ಚಿಗೆ ಸಾವಿರಾರು ಕಾಲುಗಳು. ಆ ಅಚ್ಚಿಗೆ ಒಗ್ಗದ ಕಾಲು ಆಟಕ್ಕಿಳಿದರೆ?

ಟಾಮ್ ಡೆಂಪ್ಸಿ ಹುಟ್ಟುವಾಗಲೇ ಬಲಗಾಲಿಗೆ ಬೆರಳುಗಳಿರಲಿಲ್ಲ. ಆತ ಆಡುತ್ತಿದ್ದದ್ದು ಅಮೆರಿಕನ್ ಫುಟ್‌ಬಾಲ್, ಅದರಲ್ಲೂ ಚೆಂಡು ಒದೆಯುವ ಕೆಲಸ, ಒದೆಯುತ್ತಿದ್ದದ್ದೂ ಅದೇ ಬಲಗಾಲಿನಲ್ಲಿ. ಸಿಡ್ ಗಿಲ್ಮನ್ ಎಂಬ ತರಬೇತುದಾರರು ಆ ಮೊಂಡು ಪಾದಕ್ಕೆಂದೇ ಮುಂಭಾಗ ಚಪ್ಪಟೆಯಾಗಿರುವ ಗಿಡ್ಡ ಬೂಟೊಂದನ್ನು ಮಾಡಿಸಿಕೊಟ್ಟರು. 1970ರ ನವೆಂಬರ್ 8ರಂದು ಡೆಟ್ರಾಯಿಟ್ ಲಯನ್ಸ್ ವಿರುದ್ಧ ಡೆಂಪ್ಸಿಯ ನ್ಯೂ ಓರ್ಲಿಯನ್ಸ್ ಸೇಂಟ್ಸ್ ತಂಡ 16–17ರಲ್ಲಿ ಹಿಂದಿತ್ತು. ಆಟ ಮುಗಿಯಲು ಎರಡೇ ಸೆಕೆಂಡು. ನೆಲದ ಮೇಲೆ ಹಿಡಿದ ಚೆಂಡನ್ನು ಒದ್ದು, ದೂರದ ಎರಡು ಕಂಬಗಳ ನಡುವೆ ಅಡ್ಡಪಟ್ಟಿಯ ಮೇಲಿಂದ ಹಾಯಿಸಿದರೆ ಮೂರು ಅಂಕ. ಡೆಂಪ್ಸಿ 63 ಗಜ ದೂರದಿಂದ ಹಾಯಿಸಿದ. ಹಿಂದಿನ ದಾಖಲೆ 56 ಗಜ.

ಗೊಣಗಾಟ ಶುರುವಾಯಿತು. ಆ ಬೂಟು ಸುತ್ತಿಗೆಯಿದ್ದಂತೆ, ಇದು ಮೋಸ ಎಂದರು. 1977ರಲ್ಲಿ ನಿಯಮವೇ ಬಂತು: ಕೃತಕ ಅಂಗವಿರುವ ಕಾಲಿನ ಬೂಟಿನ ಒದೆಯುವ ಭಾಗ ‘ಸಾಮಾನ್ಯ’ ಬೂಟಿನಂತೆಯೇ ಇರಬೇಕು. ನನಗೆ ನಗು ಬರುವುದು ಇಲ್ಲಿ. ಆ ಕಾಲದಲ್ಲಿ ನೆಟ್ಟಗೆ ಓಡಿಬಂದು ಒದೆಯುತ್ತಿದ್ದ ಹತ್ತು ಬೆರಳಿನವರೂ ಚೌಕ ಮೂತಿಯ ಬೂಟನ್ನೇ ತೊಡುತ್ತಿದ್ದರು. ಅದನ್ನು ಯಾರೂ ಆಯುಧ ಎನ್ನಲಿಲ್ಲ. ಡೆಂಪ್ಸಿಯ ಬೂಟಿನಿಂದ ಲಾಭವೇನೂ ಇರಲಿಲ್ಲ, ಚೆಂಡಿಗೆ ತಾಗುವ ಜಾಗ ಕಿರಿದಾದ್ದರಿಂದ ಗುರಿ ತಪ್ಪುವ ಸಂಭವವೇ ಹೆಚ್ಚು ಎಂಬ ವಿಶ್ಲೇಷಣೆ ಎಷ್ಟೋ ವರ್ಷಗಳ ಮೇಲೆ ಬಂತು. ದಾಖಲೆಯನ್ನು ದಾಟಲು 2013ರವರೆಗೆ ಯಾರಿಗೂ ಆಗಲಿಲ್ಲ.

ಡೆಂಪ್ಸಿಗೆ ಬೆರಳಿಲ್ಲದ ಕಷ್ಟವಾದರೆ ನಮ್ಮ ಸ್ವಪ್ನಾ ಬರ್ಮನ್‌ಗೆ ಹೆಚ್ಚಾದ ಕಷ್ಟ. ಜಲ್ಪಾಯ್‌ಗುರಿಯ ಈ ಹುಡುಗಿಗೆ ಎರಡೂ ಪಾದಗಳಲ್ಲಿ ಆರಾರು ಬೆರಳು. ಸ್ಪರ್ಧೆಯೋ ಹೆಪ್ಟಾಥ್ಲಾನ್, ಎರಡು ದಿನದಲ್ಲಿ ಏಳು ಪರೀಕ್ಷೆ. ಹಲವಕ್ಕೆ ಬೂಟಿನ ಜಾತಿಯೇ ಬೇರೆ. ಓಟದ ಬೂಟಿಗೆ ಮೊಳೆ ಇರುವುದು ಮುಂಗಾಲಿಗೆ ಮಾತ್ರ, ಕಾಲಿಗೆ ಬಿಗಿಯಾಗಿ ಅಂಟಿರಬೇಕು. ಎತ್ತರ ಜಿಗಿತದ್ದಕ್ಕೆ ಹಿಮ್ಮಡಿಯಲ್ಲೂ ಮೊಳೆ. ಜಾವೆಲಿನ್ ಎಸೆಯುವಾಗ ಓಡಿಬಂದ ವೇಗವೆಲ್ಲ ಊರಿದ ಒಂದೇ ಕಾಲಿನ ಮೇಲೆ ಬೀಳುವುದರಿಂದ ಅದರ ಬೂಟು ಹಲವೊಮ್ಮೆ ಕಣಕಾಲನ್ನೂ ಬಿಗಿಹಿಡಿಯುವಷ್ಟು ಎತ್ತರ. ಇವೆಲ್ಲದರ ಮೂತಿಯೂ ಐದು ಬೆರಳಿಗೆಂದು ಕಿರಿದಾಗಿಸಿದ್ದು. ಆರನೆಯದು ಎಲ್ಲಿಗೆ ಹೋಗಬೇಕು? ದೊಡ್ಡ ನಂಬರ್ ಕೊಂಡರೆ ಹಿಮ್ಮಡಿ ಸಡಿಲ, ಕಣಕಾಲು ಹೊರಳುವ ಭಯ. ಸರಿಯಾದ ನಂಬರ್ ಕೊಂಡರೆ ಪ್ರತಿ ಜಿಗಿತಕ್ಕೂ ಬೆರಳು ಹಿಂಡಿದ ನೋವು.

2018ರ ಆಗಸ್ಟ್ 29ರಂದು ಜಕಾರ್ತಾದಲ್ಲಿ, ಹಲ್ಲುನೋವಿಗೆ ಕೆನ್ನೆಯ ಮೇಲೆ ಪಟ್ಟಿ ಅಂಟಿಸಿಕೊಂಡು, ಆಕೆ 6026 ಅಂಕ ಗಳಿಸಿದಳು. ಏಷ್ಯನ್ ಕ್ರೀಡಾಕೂಟದ ಹೆಪ್ಟಾಥ್ಲಾನ್‌ನಲ್ಲಿ ಭಾರತಕ್ಕೆ ಅದು ಮೊದಲ ಚಿನ್ನ. ಗೆದ್ದ ಮೇಲೆ ತನ್ನ ಕಾಲಿಗೆ ಒಪ್ಪುವ ಬೂಟು ಬೇಕೆಂದು ಬಾಯಿಬಿಟ್ಟು ಕೇಳಿದಳು. ಅಡಿಡಾಸ್ ಕಂಪನಿ ಆಕೆಯನ್ನು ಜರ್ಮನಿಗೆ ಕರೆಸಿ, ಎರಡೂ ಪಾದಗಳ ಅಳತೆ ತೆಗೆದು, ಆಕೆಗೆಂದೇ ಬೂಟು ಮಾಡಿಸಿತು. ಆ ಬೂಟು ಕೈಸೇರುವ ಹೊತ್ತಿಗೆ ಚಿನ್ನ ಆಗಲೇ ಮನೆಯಲ್ಲಿತ್ತು.