ಹೊಳಿ ನಮ್ಮವ್ವ

ದೇವಸುಗೂರಿನಲ್ಲಿ ಅಲಂಕಾರ ಪಾಠ ಮಾಡುತ್ತಿದ್ದೆ. ಉಪಮೇಯಕ್ಕೂ ಉಪಮಾನಕ್ಕೂ ಭೇದವಿಲ್ಲವೆಂದು ಹೇಳುವುದು ರೂಪಕ. ಈ ಲಕ್ಷಣ ಮಕ್ಕಳಿಗೆಲ್ಲ ಬಾಯಿಪಾಠ. ಸ್ವಂತ ಉದಾಹರಣೆ ಕೇಳಿದಾಗ ಒಬ್ಬ ಹುಡುಗಿ ಮಾತ್ರ ಕೃಷ್ಣಾ ನದಿಯ ಬಗ್ಗೆ ಬರೆದಳು: ‘ಹೊಳಿ ನಮ್ಮವ್ವ.’ ಗ್ರಾಂಥಿಕವಾಗಿಲ್ಲವೆಂದು ನಾನು ಅಂಕ ಕೊಡಲಿಲ್ಲ.

“ನಮ್ಮಜ್ಜಿ ಹಂಗಽ ಅಂತಾಳ್ರೀ ಸರ್. ಆಕಿಗೆ ಓದಾಕ ಬರಂಗಿಲ್ರೀ” ಎಂದಳು.

ಆ ಮಾತು ನನ್ನನ್ನು 9ನೇ ಶತಮಾನಕ್ಕೆ ಕರೆದೊಯ್ಯಿತು. ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ನೃಪತುಂಗನ ಆಸ್ಥಾನದಲ್ಲಿ ಶ್ರೀವಿಜಯ ರಚಿಸಿದ ‘ಕವಿರಾಜಮಾರ್ಗ’ ದಂಡಿಯ ‘ಕಾವ್ಯಾದರ್ಶ’ವನ್ನು ಅನುಸರಿಸಿ, ಮೂರನೆಯ ಪರಿಚ್ಛೇದದಲ್ಲಿ ರೂಪಕವೂ ಸೇರಿದಂತೆ ಅರ್ಥಾಲಂಕಾರಗಳನ್ನು ಕನ್ನಡದಲ್ಲೇ ಕಲಿಸಿತು. ಓದು ಕಲಿಯದಿದ್ದರೂ ಕನ್ನಡಿಗರು ಕಾವ್ಯಪ್ರಯೋಗದಲ್ಲಿ ನುರಿತವರೆಂದು ಹೇಳಿದ್ದೂ ಅದೇ ಗ್ರಂಥ.

ನಮ್ಮ ಮಾನ್ವಿಯ ಜಗನ್ನಾಥದಾಸರ (1728–1809) ‘ಹರಿಕಥಾಮೃತಸಾರ’ದ ಹೆಸರಲ್ಲೇ ರೂಪಕವಿದೆ. ಅಲ್ಲಿ ಹರಿಕಥೆ ಅಮೃತದಂತೆ ಅಲ್ಲ, ಅಮೃತವೇ. ಅಜ್ಜಿಗೂ ಹೊಳೆ ತಾಯಿಯಂತೆ ಅಲ್ಲ, ತಾಯಿಯೇ.

ಅಂಕ ತಿದ್ದಿಕೊಟ್ಟೆ. ಅಂದಿನಿಂದ ರೂಪಕದ ಪಾಠವನ್ನು ಲಕ್ಷಣದಿಂದ ಶುರುಮಾಡುವುದಿಲ್ಲ. “ಮನೆಯಲ್ಲಿ ಅಜ್ಜಿ ಏನಂತಾಳೆ, ಕೇಳಿಕೊಂಡು ಬರ್ರಿ” ಎನ್ನುತ್ತೇನೆ.