ಸರ್ಪಗಂಧದ ಬೇರೂ ಮಿದುಳಿನ ದೂತನೂ

ಸರ್ಪಗಂಧದ ಬೇರು ಉನ್ಮಾದವನ್ನು ತಣಿಸುವುದೆಂದು ಭಾರತದ ವೈದ್ಯರು ಬಹುಕಾಲದಿಂದ ಬಲ್ಲರು. 1931ರಲ್ಲಿ ಗಣನಾಥ ಸೇನ್, ಕಾರ್ತಿಕಚಂದ್ರ ಬೋಸ್ ಎಂಬುವರು ಈ ಗುಣವನ್ನು ವೈದ್ಯಪತ್ರಿಕೆಯೊಂದರಲ್ಲಿ ಪ್ರಕಟಿಸಿದರು. 1952ರಲ್ಲಿ ಸ್ವಿಟ್ಜರ್ಲೆಂಡಿನ ರಸಾಯನಜ್ಞರು ಆ ಬೇರಿನಿಂದ ರಿಸರ್ಪೀನ್ ಎಂಬ ಸಾರವನ್ನು ಬೇರ್ಪಡಿಸಿದರು. ಗುಣವೇನೋ ದಿಟ, ಅದರ ಕಾರಣವು ಮಾತ್ರ ಗೂಢವಾಗಿಯೇ ಇದ್ದಿತು.

ಮಿದುಳಿನ ನರಕೋಶಗಳ ನಡುವೆ ಅತಿಸೂಕ್ಷ್ಮವಾದ ಅಂತರವುಂಟು. ಒಂದು ಕೋಶವು ತನ್ನ ಕಿರುಚೀಲಗಳಲ್ಲಿ ಕೂಡಿಟ್ಟ ದ್ರವ್ಯವನ್ನು ಆ ಅಂತರದಲ್ಲಿ ಸುರಿಸಲು, ಅದು ದೂತನಂತೆ ಸಾಗಿ ಎದುರಿನ ಕೋಶವನ್ನು ಪ್ರೇರಿಸುವುದು, ಇಲ್ಲವೆ ತಡೆಯುವುದು. ರಿಸರ್ಪೀನ್ ಈ ಚೀಲಗಳನ್ನು ಬರಿದುಮಾಡುತ್ತದೆ.

1957ರಲ್ಲಿ ಸ್ವೀಡನ್ನಿನ ಲುಂಡ್ ನಗರದಲ್ಲಿ ಆರ್ವಿಡ್ ಕಾರ್ಲ್‌ಸನ್ನರು ರಿಸರ್ಪೀನ್ ಕೊಟ್ಟ ಮೊಲಗಳು ಕಿವಿ ಜೋಲಿಸಿ ಕದಲದೆ ಕುಳಿತುವು. ಬಳಿಕ ಡೋಪಾ ಎಂಬ ದ್ರವ್ಯವನ್ನು ಚುಚ್ಚಲು, ಅಲ್ಪಕಾಲದಲ್ಲಿಯೇ ಚೇತರಿಸಿಕೊಂಡು ಓಡಾಡಿದುವು. ಡೋಪಾ ಮಿದುಳಿನಲ್ಲಿ ಡೋಪಮೀನಾಗಿ ಮಾರ್ಪಡುವುದು. ಚಲನೆಗೆ ಬೇಕಾದ ದೂತನು ಅದೇ ಎಂದು ಅವರು ವಾದಿಸಿದರು. 1960ರ ಲಂಡನ್ ಸಭೆಯಲ್ಲಿ ಹಿರಿಯ ಪಂಡಿತರು ಒಪ್ಪಲಿಲ್ಲ. ಅದೇ ವರ್ಷ ವಿಯೆನ್ನಾದಲ್ಲಿ ಎರಿಂಗರ್, ಹಾರ್ನಿಕೀವಿಚ್ ಎಂಬುವರು, ಕಂಪನವ್ಯಾಧಿಯಾದ ಪಾರ್ಕಿನ್‌ಸನ್ ರೋಗದಿಂದ ನರಳಿ ಮಡಿದವರ ಮಿದುಳಿನಲ್ಲಿ ಡೋಪಮೀನ್ ಬಹಳ ಕುಂದಿರುವುದನ್ನು ಕಂಡರು. 1961ರಲ್ಲಿ ಅಲ್ಲಿಯೇ ಡೋಪಾ ಪಡೆದ ರೋಗಿಗಳಲ್ಲಿ, ಹಾಸಿಗೆಯಿಂದ ಏಳಲಾರದವರು ಸಹ ಕೆಲವು ಗಂಟೆಗಳ ಮಟ್ಟಿಗೆ ಎದ್ದು ನಡೆದರು. 1967ರಲ್ಲಿ ಅಮೆರಿಕೆಯ ಕೊಟ್ಸಿಯಾಸರು ಆ ಮದ್ದನ್ನು ಬಾಯಿಯ ಮೂಲಕ ಕ್ರಮೇಣ ಹೆಚ್ಚಿಸುತ್ತ ಕೊಟ್ಟು, ಉಪಶಮನವನ್ನು ಸ್ಥಿರಗೊಳಿಸಿದರು.

2000ದಲ್ಲಿ ಕಾರ್ಲ್‌ಸನ್ನರಿಗೆ ನೊಬೆಲ್ ಪಾರಿತೋಷಕವು ಸಂದಿತು. ಬೇರಿನ ಗುಣವನ್ನು ಕಂಡವರು ಒಬ್ಬರು, ಕಾರಣವನ್ನು ಅರಸಿದವರು ಮತ್ತೊಬ್ಬರು. ಎದ್ದು ನಡೆದ ರೋಗಿಯು ಇಬ್ಬರಿಗೂ ಋಣಿ.