‘ನಂಬರ್ ಹೇಳ್ರಿ’ ಅಂದ್ರೆ ಹೇಳಲೇಬೇಕಾ? ಬೋರ್ಡು, ಬಿಲ್ಲು, ಮೊಬೈಲ್ ನಂಬರ್ ಬಗ್ಗೆ ಅಂಗಡಿಯವರು, ಗಿರಾಕಿಗಳು ತಿಳಿದಿರಬೇಕಾದ ಕಾನೂನು

ಸಿರುಗುಪ್ಪ: ಬಟ್ಟೆ ಅಂಗಡಿ ಇರಲಿ, ಮೆಡಿಕಲ್ ಶಾಪ್ ಇರಲಿ, ಮೊಬೈಲ್ ಅಂಗಡಿ ಇರಲಿ, ಬಿಲ್ ಹಾಕುವ ಮೊದಲು ಕೇಳುವ ಮಾತು ಒಂದೇ: ‘ನಂಬರ್ ಹೇಳ್ರಿ’. ಗಿರಾಕಿ ಹೇಳಿಬಿಡುತ್ತಾರೆ. ಆಮೇಲೆ ಆಫರ್ ಮೆಸೇಜು, ಸಾಲ ಬೇಕಾ ಎಂಬ ಕರೆ ಶುರುವಾದರೆ ನಂಬರ್ ಎಲ್ಲಿಂದ ಹೋಯಿತು ಎಂಬುದೇ ಗೊತ್ತಾಗುವುದಿಲ್ಲ. ಇತ್ತ ಅಂಗಡಿಯವರಿಗೂ ಅಳುಕು ಇದ್ದೇ ಇದೆ. ಹೊಸ ಡೇಟಾ ಕಾಯ್ದೆಯಲ್ಲಿ 250 ಕೋಟಿ ರೂಪಾಯಿವರೆಗೆ ದಂಡ ಇದೆ ಎಂದು ಕೇಳಿದರೆ ಯಾರಿಗಾದರೂ ಎದೆ ಝಲ್ ಅನ್ನುತ್ತದೆ.

ಇಬ್ಬರೂ ತಿಳಿಯಬೇಕಾದ ಮುಖ್ಯ ವಿಷಯ ಇಷ್ಟು. ಡೇಟಾ ಕಾಯ್ದೆಯ ಮುಖ್ಯ ಭಾಗ ಜಾರಿಗೆ ಬರುವುದು 2027ರ ಮೇ ತಿಂಗಳಲ್ಲಿ. ಆದರೆ ಗಿರಾಕಿ ನಂಬಿ ಕೊಟ್ಟ ಮಾಹಿತಿಯನ್ನು ಬೇರೆಯವರಿಗೆ ಕೊಡುವುದು, ಸುಳ್ಳು ಆಫರ್ ಹಾಕುವುದು, ಬಿಲ್ ಕೊಡದಿರುವುದು ಈಗಲೇ ತಪ್ಪು. 2020ರ ಜುಲೈನಲ್ಲಿ ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ ಕಾಯ್ದೆ 2019 ಇದನ್ನೆಲ್ಲ ಆಗಲೇ ಹೇಳಿದೆ. ಹಾಗಾಗಿ 2027ರವರೆಗೆ ಕಾಯೋಣ ಅನ್ನುವಂತಿಲ್ಲ, 250 ಕೋಟಿಗೆ ಹೆದರಿ ಕೂರುವುದೂ ಬೇಕಿಲ್ಲ.

ನಂಬರ್ ಕೇಳಬಹುದು, ಒತ್ತಾಯ ಮಾಡುವಂತಿಲ್ಲ

ಮೊಬೈಲ್ ನಂಬರ್ ಕೊಡದಿದ್ದರೆ ಬಿಲ್ ಆಗುವುದಿಲ್ಲ, ಮಾಲು ಕೊಡುವುದಿಲ್ಲ ಎನ್ನುವುದು ಸರಿಯಲ್ಲ ಎಂದು ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇ ತಿಂಗಳಲ್ಲೇ ಚಿಲ್ಲರೆ ವ್ಯಾಪಾರಿಗಳಿಗೆ ತಿಳಿಸಿದೆ. ನಂಬರ್ ಕೇಳುವುದು ತಪ್ಪಲ್ಲ. ‘ಬ್ಯಾಡ್ರಿ, ಕೊಡಲ್ಲ’ ಅಂದ ಮೇಲೂ ಪಟ್ಟು ಹಿಡಿಯುವುದು ತಪ್ಪು.

ಇನ್ನೊಂದು ವಿಷಯ: ಗಿರಾಕಿ ನಂಬಿಕೆಯಿಂದ ಕೊಟ್ಟ ವೈಯಕ್ತಿಕ ಮಾಹಿತಿಯನ್ನು ಮತ್ತೊಬ್ಬರಿಗೆ ತಿಳಿಸುವುದನ್ನು 2019ರ ಕಾಯ್ದೆ ‘ಅನುಚಿತ ವ್ಯಾಪಾರ ಪದ್ಧತಿ’ಯ ಪಟ್ಟಿಗೇ ಸೇರಿಸಿದೆ. ಕಾನೂನು ಪ್ರಕಾರ ಅಥವಾ ಸಾರ್ವಜನಿಕ ಹಿತಕ್ಕಾಗಿ ಕೊಡಬೇಕಾಗಿ ಬಂದರೆ ಮಾತ್ರ ವಿನಾಯಿತಿ. ಪರಿಚಯದವರು ಹೊಸ ಶೋರೂಮ್ ತೆರೆದರು ಎಂದು ನಿಮ್ಮ ಗಿರಾಕಿಗಳ ಪಟ್ಟಿಯನ್ನು ಅವರಿಗೆ ಕಳಿಸಿದರೆ ಅದು ಸ್ನೇಹಕ್ಕೆ ಮಾಡಿದ ಸಹಾಯ ಅನಿಸಬಹುದು. ಕಾಯ್ದೆಯ ಕಣ್ಣಲ್ಲಿ ಅದು ಅನುಚಿತ ವ್ಯಾಪಾರ.

ಈ ಹಕ್ಕಿನ ಬೇರು ಕರ್ನಾಟಕದಲ್ಲೇ ಇದೆ. ರಾಜ್ಯ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು 2012ರಲ್ಲಿ ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದ್ದರು. ಆ ಪ್ರಕರಣದಲ್ಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಸಾರಿತು. ಆರು ವರ್ಷದ ನಂತರ ಡೇಟಾ ಕಾಯ್ದೆ ಬಂತು.

ಡೇಟಾ ಕಾಯ್ದೆ: ಯಾವಾಗಿನಿಂದ, ಯಾರಿಗೆ?

ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಗೆ 2023ರ ಆಗಸ್ಟ್ 11ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ದತ್ತಾಂಶ ಸಂರಕ್ಷಣಾ ಮಂಡಳಿಗೆ ಸಂಬಂಧಿಸಿದ ನಿಯಮಗಳು ತಕ್ಷಣ ಜಾರಿಯಾದವು. ಒಪ್ಪಿಗೆ, ನೋಟಿಸ್, ಭದ್ರತೆ, ಗಿರಾಕಿಯ ಹಕ್ಕು ಮುಂತಾದ ಮುಖ್ಯ ನಿಯಮಗಳಿಗೆ 18 ತಿಂಗಳ ಕಾಲಾವಕಾಶ ಇದೆ. 2027ರ ಮೇ ಎನ್ನುವ ಲೆಕ್ಕ ಬಂದದ್ದು ಹೀಗೆ.

ಕಾಯ್ದೆ ಅನ್ವಯಿಸುವುದು ಡಿಜಿಟಲ್ ರೂಪದ ಮಾಹಿತಿಗೆ ಮಾತ್ರ. ಕಿರಾಣಿ ಅಂಗಡಿಯ ಉದ್ರಿ ಪುಸ್ತಕ ಕಾಗದದಲ್ಲೇ ಇದ್ದರೆ ಅದು ಇದರಡಿ ಬರುವುದಿಲ್ಲ. ಅದೇ ಉದ್ರಿ ಲೆಕ್ಕವನ್ನು ಮೊಬೈಲ್ ಆ್ಯಪ್‌ಗೆ ಏರಿಸಿದರೆ, ಅಥವಾ ಬಾಕಿದಾರರ ಪುಟದ ಫೋಟೊ ತೆಗೆದು ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕಿದರೆ, ಆಗ ಅದು ಡಿಜಿಟಲ್ ಆಯಿತು. ಮನೆಯವರ, ನೆಂಟರ ನಂಬರ್ ಸ್ವಂತಕ್ಕೆ ಇಟ್ಟುಕೊಳ್ಳುವುದಕ್ಕೆ ಕಾಯ್ದೆಯ ತಕರಾರಿಲ್ಲ.

ಒಂದು ಮಾಹಿತಿ ಯಾವ ಕೆಲಸಕ್ಕೆ ಸಿಕ್ಕಿತೋ ಅದೇ ಕೆಲಸಕ್ಕೆ ಬಳಸಬೇಕು ಎಂಬುದು ಇದರ ಮೂಲ ಮಾತು. ಕಾಯ್ದೆಯೊಳಗೇ ಔಷಧ ಅಂಗಡಿಯ ಉದಾಹರಣೆ ಇದೆ. ಗಿರಾಕಿ ತಾನಾಗಿ ನಂಬರ್ ಕೊಟ್ಟು ರಸೀದಿಯನ್ನು ಮೆಸೇಜ್‌ನಲ್ಲಿ ಕಳಿಸಿ ಎಂದರೆ, ರಸೀದಿ ಕಳಿಸಲು ಆ ನಂಬರ್ ಬಳಸಬಹುದು. ಹಬ್ಬದ ಆಫರ್ ಕಳಿಸುವುದು ಬೇರೆ ಕೆಲಸ, ಅದಕ್ಕೆ ಬೇರೆ ಒಪ್ಪಿಗೆ ಬೇಕು. ಏಕೆ ಕೇಳುತ್ತಿದ್ದೇವೆ ಎಂಬ ನೋಟಿಸನ್ನು ಕನ್ನಡದಲ್ಲಿ ಓದುವ ಅವಕಾಶವೂ ಗಿರಾಕಿಗೆ ಇರಬೇಕು. ಒಪ್ಪಿಗೆ ಕೊಡುವುದು ಎಷ್ಟು ಸುಲಭವೋ ವಾಪಸ್ ಪಡೆಯುವುದೂ ಅಷ್ಟೇ ಸುಲಭ ಇರಬೇಕು.

18 ವರ್ಷದೊಳಗಿನವರ ವಿಷಯದಲ್ಲಿ ಪೋಷಕರ ಖಚಿತ ಒಪ್ಪಿಗೆ ಬೇಕು. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ಟ್ಯೂಷನ್ ಸೆಂಟರ್‌ಗಳು ಮಕ್ಕಳ ಫೋಟೊ, ಹೆಸರು, ಅಂಕ ಹಾಕಿ ಫೇಸ್‌ಬುಕ್‌ನಲ್ಲಿ ಪ್ರಚಾರ ಮಾಡುವುದುಂಟು. ಅಂಥವರು ಇದನ್ನು ಈಗಲೇ ಅಭ್ಯಾಸ ಮಾಡಿಕೊಳ್ಳುವುದು ಒಳ್ಳೆಯದು.

ಇನ್ನು ದಂಡದ ವಿಚಾರ. 250 ಕೋಟಿ ಎನ್ನುವುದು ಗರಿಷ್ಠ ಮಿತಿ. ಮಾಹಿತಿಗೆ ತಕ್ಕ ಭದ್ರತೆ ಮಾಡದೆ ಅದು ಸೋರಿಕೆಯಾದ ಪ್ರಕರಣಕ್ಕೆ ಆ ಮಿತಿ. ದಂಡ ಎಷ್ಟೆಂದು ತೀರ್ಮಾನಿಸುವಾಗ ತಪ್ಪು ಎಷ್ಟು ದೊಡ್ಡದು, ಎಷ್ಟು ದಿನ ನಡೆಯಿತು, ದಂಡದಿಂದ ಆ ವ್ಯಕ್ತಿಯ ಮೇಲೆ ಏನು ಪರಿಣಾಮ ಆಗುತ್ತದೆ ಎಂಬುದನ್ನೂ ಮಂಡಳಿ ನೋಡಬೇಕು. ಈ ಕಾಯ್ದೆಯಡಿ ಸಾಮಾನ್ಯ ಅಂಗಡಿಯವರು ಯಾವ ಲೈಸನ್ಸನ್ನೂ ಪಡೆಯಬೇಕಿಲ್ಲ, ನೋಂದಣಿಯೂ ಇಲ್ಲ. ಅದರ ಹೆಸರಲ್ಲಿ ಯಾರಾದರೂ ಬಂದು ದುಡ್ಡು ಕೇಳಿದರೆ ಕೊಡಬೇಡಿ.

ಆಧಾರ್ ಜೆರಾಕ್ಸ್: ಎಲ್ಲದಕ್ಕೂ ಬೇಕಿಲ್ಲ

ಭತ್ತದ ನಾಡಾದ ಈ ತಾಲೂಕಿನಲ್ಲಿ ರೈತರಿಗೆ ಗೊಬ್ಬರ ಸಿಗುವುದು ಪಿಒಎಸ್ ಯಂತ್ರದ ಮೂಲಕ. ಸಬ್ಸಿಡಿ ಗೊಬ್ಬರಕ್ಕೆ ಅದು ಸರ್ಕಾರವೇ ಮಾಡಿದ ವ್ಯವಸ್ಥೆ. ಆದರೆ ಖಾಸಗಿ ವ್ಯವಹಾರಕ್ಕೆಲ್ಲ ಆಧಾರ್ ಬೇಕೇಬೇಕು ಅನ್ನುವಂತಿಲ್ಲ. ಖಾಸಗಿ ಕಂಪನಿಗಳು ಆಧಾರ್ ದೃಢೀಕರಣ ಕೇಳಲು ಅವಕಾಶ ಕೊಟ್ಟಿದ್ದ 57ನೇ ಕಲಮಿನ ಭಾಗವನ್ನು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 26ರಂದು ರದ್ದು ಮಾಡಿತು. 2019ರ ತಿದ್ದುಪಡಿಯಲ್ಲಿ ಬ್ಯಾಂಕ್, ಮೊಬೈಲ್ ಸಿಮ್‌ಗೆ ಗಿರಾಕಿ ಇಷ್ಟಪಟ್ಟರೆ ಬಳಸಬಹುದು ಎಂದಾಯಿತು.

ಗುರುತಿನ ದಾಖಲೆ ಕೊಡಲೇಬೇಕಾದ ಕಡೆ ಮೊದಲ 8 ಅಂಕಿ ಮುಚ್ಚಿದ ‘ಮಾಸ್ಕ್ಡ್’ ಆಧಾರ್ ಪ್ರತಿಯನ್ನು ಕೊಡಬಹುದು. ಯುಐಡಿಎಐ ವೆಬ್‌ಸೈಟಿನಲ್ಲಿ ಅದು ಸಿಗುತ್ತದೆ. ಜೆರಾಕ್ಸ್ ಮೇಲೆ ಯಾವ ಕೆಲಸಕ್ಕೆ ಕೊಟ್ಟದ್ದು, ಯಾವ ದಿನ ಎಂದು ಅಡ್ಡವಾಗಿ ಬರೆದು ಸಹಿ ಹಾಕುವುದು ಹಳೆಯ ಪದ್ಧತಿ, ಈಗಲೂ ಒಳ್ಳೆಯದೇ. ಜೆರಾಕ್ಸ್, ಆನ್‌ಲೈನ್ ಅರ್ಜಿ ಅಂಗಡಿಯವರು ಕೆಲಸ ಮುಗಿದ ಮೇಲೆ ವಾಟ್ಸ್‌ಆ್ಯಪ್‌ಗೆ ಬಂದ ದಾಖಲೆಗಳನ್ನು ಅಳಿಸಿಬಿಡಬೇಕು.

‘ಮಾರಿದ ಮಾಲು ವಾಪಸ್ ಇಲ್ಲ’ ಬೋರ್ಡಿಗೆ ಎಷ್ಟು ಬೆಲೆ?

ದೋಷ ಇರುವ ಮಾಲಿನ ವಿಷಯದಲ್ಲಿ ಈ ಬೋರ್ಡು ನಿಲ್ಲುವುದಿಲ್ಲ. ಬಿಲ್ಲಿನಲ್ಲಿ ಬರೆದ ಅವಧಿಯೊಳಗೆ, ಅವಧಿ ಬರೆದಿಲ್ಲ ಅಂದರೆ 30 ದಿನದೊಳಗೆ, ದೋಷದ ಮಾಲನ್ನು ವಾಪಸ್ ತಗೊಂಡು ಹಣ ಮರಳಿಸಲು ನಿರಾಕರಿಸಿದರೆ ಅದೂ ಅನುಚಿತ ವ್ಯಾಪಾರ ಪದ್ಧತಿಯೇ. ಬಿಲ್ ಕೊಡದಿರುವುದೂ ಅದೇ ಪಟ್ಟಿಯಲ್ಲಿದೆ.

ಗಿರಾಕಿಗಳು ತಿಳಿಯಬೇಕಾದದ್ದೂ ಇದೆ. ಇದು ದೋಷದ ಮಾಲಿಗೆ ಮಾತ್ರ. ಸೀರೆ ಮನೆಗೆ ಒಯ್ದ ಮೇಲೆ ಬಣ್ಣ ಇಷ್ಟವಾಗಲಿಲ್ಲ ಎಂದರೆ ಬದಲಿಸಿ ಕೊಡುವುದು ಅಂಗಡಿಯವರ ಸೌಜನ್ಯಕ್ಕೆ ಬಿಟ್ಟದ್ದು. ಬಿಲ್ ಇಲ್ಲದೆ ಖರೀದಿಸಿದರೆ ವಾದ ಗೆಲ್ಲುವುದು ಕಷ್ಟ. ಬೀಜ, ಔಷಧಿ ಕೊಳ್ಳುವ ರೈತರಂತೂ ಬಿಲ್ಲು, ಖಾಲಿ ಪಾಕೀಟು ಎರಡನ್ನೂ ಬೆಳೆ ಕೈಗೆ ಬರುವವರೆಗೆ ಇಟ್ಟುಕೊಳ್ಳಬೇಕು.

ಆಫರ್ ಬೋರ್ಡು, ರೀಲ್ಸ್

ದಾರಿತಪ್ಪಿಸುವ ಜಾಹೀರಾತು ತಡೆಗೆ 2022ರ ಜೂನ್ 9ರಂದು ಮಾರ್ಗಸೂಚಿ ಬಂತು. ಅದರಲ್ಲಿ ಸಣ್ಣ ಊರಿಗೂ ಸಂಬಂಧಿಸಿದ ಮೂರು ಮಾತಿವೆ. ಒಂದು, ‘ಫ್ರೀ’ ಎಂದ ಮೇಲೆ ಅದರ ಬೆಲೆಯನ್ನು ಬೇರೆ ದಾರಿಯಲ್ಲಿ ವಸೂಲಿ ಮಾಡುವಂತಿಲ್ಲ. ಎರಡು, ಅಂಗಡಿಯಲ್ಲಿ ನಾಲ್ಕೇ ಸೀರೆ ಇಟ್ಟುಕೊಂಡು ಊರಿಗೆಲ್ಲ ಅರ್ಧ ಬೆಲೆ ಎಂದು ಕರೆಯುವಂತಿಲ್ಲ. ಆ ಬೆಲೆಗೆ ಕೊಡಲು ಸಾಕಷ್ಟು ಮಾಲು ಇರಬೇಕು. ಮೂರು, ಷರತ್ತು ಇದ್ದರೆ ಆಫರ್ ಯಾವ ಭಾಷೆಯಲ್ಲಿದೆಯೋ ಅದೇ ಭಾಷೆಯಲ್ಲಿ, ಓದಲು ಬರುವಂತೆ ಇರಬೇಕು. ಕನ್ನಡದಲ್ಲಿ ದೊಡ್ಡದಾಗಿ ‘50% ರಿಯಾಯಿತಿ’ ಹಾಕಿ, ಮೂಲೆಯಲ್ಲಿ ಇರುವೆ ಸಾಲಿನಂತೆ ಇಂಗ್ಲಿಷ್ ಷರತ್ತು ಹಾಕಿದರೆ ನಡೆಯುವುದಿಲ್ಲ.

ರೀಲ್ಸ್ ಮಾಡುವ ಹುಡುಗರು ಇದನ್ನು ಗಮನಿಸಬೇಕು. ದುಡ್ಡು ಅಥವಾ ಉಚಿತ ಮಾಲು ಪಡೆದು ಅಂಗಡಿ, ಹೋಟೆಲ್ ಹೊಗಳಿದರೆ ಅದು ಪ್ರಚಾರ ಎಂದು ವಿಡಿಯೊದಲ್ಲೇ ಹೇಳಬೇಕು. 2023ರ ಜನವರಿಯಲ್ಲಿ ಇದರ ಬಗ್ಗೆ ಪ್ರತ್ಯೇಕ ಸೂಚನೆ ಬಂದಿದೆ. ಸುಳ್ಳು ಜಾಹೀರಾತು ಎಂದು ಸಾಬೀತಾದರೆ ಮಾಲು ತಯಾರಿಸಿದವರಿಗೆ ಮತ್ತು ಪ್ರಚಾರ ಮಾಡಿದವರಿಗೆ ಮೊದಲ ಸಲ 10 ಲಕ್ಷ ರೂ.ವರೆಗೆ, ಮತ್ತೆ ಮಾಡಿದರೆ 50 ಲಕ್ಷ ರೂ.ವರೆಗೆ ದಂಡಕ್ಕೆ ಅವಕಾಶ ಇದೆ. ಹೇಳಿದ್ದು ನಿಜವೇ ಎಂದು ಮೊದಲೇ ಪರಿಶೀಲಿಸಿದ್ದರೆ ಪ್ರಚಾರ ಮಾಡಿದವರಿಗೆ ರಕ್ಷಣೆಯೂ ಇದೆ. ಜಾಹೀರಾತು ಹಾಕಿದ ಅಂಗಡಿಗೆ ಅದನ್ನು ನಿಲ್ಲಿಸಿ, ತಿದ್ದಿ ಎಂದು ಆದೇಶ ಬರಬಹುದು.

ಕೋಚಿಂಗ್ ಸೆಂಟರ್‌ಗಳಿಗೆ 2024ರ ನವೆಂಬರ್‌ನಲ್ಲಿ ಬೇರೆಯೇ ಮಾರ್ಗಸೂಚಿ ಬಂದಿದೆ. ‘ನೌಕರಿ ಗ್ಯಾರಂಟಿ’ ಎನ್ನುವಂತಿಲ್ಲ. ಆಯ್ಕೆಯಾದ ಅಭ್ಯರ್ಥಿಯ ಫೋಟೊ ಹಾಕಲು, ಆಯ್ಕೆಯಾದ ನಂತರ ಪಡೆದ ಲಿಖಿತ ಒಪ್ಪಿಗೆ ಇರಬೇಕು. ಸಕ್ಕರೆ ಕಾಯಿಲೆ ಪೂರ್ತಿ ವಾಸಿ ಮಾಡುತ್ತೇವೆ ಎಂಬಂಥ ಔಷಧ ಜಾಹೀರಾತಿಗಂತೂ 1954ರ ಕಾಯ್ದೆಯಲ್ಲೇ ನಿಷೇಧವಿದೆ.

ಬಳ್ಳಾರಿ ಜೀನ್ಸ್ ಸೇರಿ ಆನ್‌ಲೈನ್‌ನಲ್ಲಿ ಮಾರುವವರು 2023ರ ನವೆಂಬರ್ 30ರ ‘ಡಾರ್ಕ್ ಪ್ಯಾಟರ್ನ್’ ಮಾರ್ಗಸೂಚಿ ನೋಡಬೇಕು. ಗಿರಾಕಿಯನ್ನು ಮೋಸದಿಂದ ಒಪ್ಪಿಸುವ 13 ವಿಧಾನಗಳನ್ನು ಅದು ಪಟ್ಟಿ ಮಾಡಿದೆ. ‘ಇನ್ನೆರಡೇ ಪೀಸ್ ಉಳಿದಿವೆ’ ಎಂಬ ಸುಳ್ಳು ಅವಸರ, ಕೊನೆಯ ಹಂತದಲ್ಲಿ ಸೇರಿಸುವ ಗುಪ್ತ ಶುಲ್ಕ ಎರಡೂ ಅದರಲ್ಲಿವೆ.

ನಾಮಫಲಕ: 60 ಭಾಗ ಕನ್ನಡ

ಆದೋನಿ ಕಡೆಯ ವ್ಯವಹಾರ ಇರುವ ಗಡಿ ತಾಲೂಕು ಇದು. ಬೋರ್ಡುಗಳಲ್ಲಿ ತೆಲುಗು, ಇಂಗ್ಲಿಷ್ ಇರುವುದು ಸಹಜ, ಅದಕ್ಕೆ ನಿಷೇಧವೂ ಇಲ್ಲ. ಆದರೆ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ 2024ರಲ್ಲಿ ಮಾಡಿದ ತಿದ್ದುಪಡಿ ಪ್ರಕಾರ ಅಂಗಡಿ, ಆಸ್ಪತ್ರೆ, ಹೋಟೆಲ್ ಮುಂತಾದವುಗಳ ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕು, ಅದು ಫಲಕದ ಮೇಲ್ಭಾಗದಲ್ಲಿರಬೇಕು. ಹೊಸ ಬೋರ್ಡ್ ಬರೆಸುವವರು ಪೇಂಟರ್‌ಗೆ ಮೊದಲೇ ಹೇಳಿದರೆ ಎರಡು ಸಲ ಖರ್ಚು ತಪ್ಪುತ್ತದೆ. ಪ್ಲಾಸ್ಟಿಕ್ ಫ್ಲೆಕ್ಸ್, ಬ್ಯಾನರ್‌ಗಳಿಗೆ ರಾಜ್ಯದಲ್ಲಿ 2016ರ ಮಾರ್ಚ್‌ನಿಂದಲೇ ನಿಷೇಧ ಇದೆ ಎಂಬುದೂ ನೆನಪಿರಲಿ.

ಅಂಗಡಿಯವರ ಡೇಟಾ ಕೂಡ ಎಲ್ಲೋ ಇದೆ

ಗಿರಾಕಿಯ ನಂಬರ್ ಅಂಗಡಿಯವರ ಕೈಲಿದ್ದರೆ, ಅಂಗಡಿಯವರ ವಹಿವಾಟಿನ ಲೆಕ್ಕ ಪೇಮೆಂಟ್ ಆ್ಯಪ್‌ಗಳ ಕೈಲಿದೆ. ಅದು ಎಲ್ಲರಿಗೂ ಅರಿವಾದದ್ದು 2025ರ ಜುಲೈನಲ್ಲಿ. ರಾಜ್ಯ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಮಾಹಿತಿ ಪಡೆದು, ವಹಿವಾಟು ಮಿತಿ ದಾಟಿದ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಕಳಿಸಿತು. ಬೆಂಗಳೂರಿನಲ್ಲಿ ಅಂಗಡಿಗಳ ಮುಂದೆ ‘ಯುಪಿಐ ಇಲ್ಲ, ಕ್ಯಾಶ್ ಮಾತ್ರ’ ಚೀಟಿ ಬಿದ್ದವು. ಮುಖ್ಯಮಂತ್ರಿ ಸಿದ್ದರಾಮಯ್ಯ ವ್ಯಾಪಾರಿಗಳ ಜತೆ ಸಭೆ ನಡೆಸಿದ ಮೇಲೆ, ನೋಂದಣಿ ಮಾಡಿಸಿಕೊಳ್ಳುವವರಿಂದ ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ ಎಂಬ ಭರವಸೆ ಬಂತು.

ಲೆಕ್ಕ ಸರಳ. ಸರಕು ಮಾರುವವರ ವಹಿವಾಟು ವರ್ಷಕ್ಕೆ 40 ಲಕ್ಷ ರೂ. ದಾಟಿದರೆ, ಸೇವೆ ಕೊಡುವವರದು 20 ಲಕ್ಷ ರೂ. ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ಮಿತಿ ನೋಡುವಾಗ ಯುಪಿಐ, ನಗದು ಎರಡೂ ಸೇರುತ್ತವೆ. ಹಾಲು, ತರಕಾರಿಯಂಥ ತೆರಿಗೆ ಇಲ್ಲದ ಮಾಲನ್ನಷ್ಟೇ ಮಾರುವವರಿಗೆ ನೋಂದಣಿ ಬೇಕಿಲ್ಲ. ಮನೆ ಖರ್ಚು, ಕೈಸಾಲದ ಹಣ ಅಂಗಡಿಯ ಕ್ಯೂಆರ್ ಕೋಡ್‌ಗೇ ಬಂದರೆ ಅದೂ ವ್ಯಾಪಾರದ ಹಣದಂತೆ ಕಾಣುತ್ತದೆ. ಅದಕ್ಕೆ ವ್ಯಾಪಾರಕ್ಕೇ ಒಂದು ಬೇರೆ ಖಾತೆ ಇರಲಿ.

ತೊಂದರೆಯಾದರೆ ದೂರು ಎಲ್ಲಿ?

ಮೊದಲು ಅಂಗಡಿಯವರ ಜತೆ ಮಾತಾಡಿ. ಎಷ್ಟೋ ವಿಷಯ ಅಲ್ಲೇ ಮುಗಿಯುತ್ತದೆ. ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಸುಳ್ಳು ಜಾಹೀರಾತು, ಅನುಚಿತ ವ್ಯಾಪಾರದ ಬಗ್ಗೆ ಜಿಲ್ಲಾಧಿಕಾರಿಗೂ ದೂರು ಕೊಡಲು ಕಾಯ್ದೆಯಲ್ಲಿ ಅವಕಾಶ ಇದೆ. ಅವರು ವಿಚಾರಣೆ ಮಾಡಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕೆ ವರದಿ ಕಳಿಸಬಹುದು.

ಪರಿಹಾರ ಬೇಕಾದರೆ ಬಳ್ಳಾರಿಯ ಜಿಲ್ಲಾ ಗ್ರಾಹಕರ ಆಯೋಗ ಇದೆ. ಕೊಟ್ಟ ಬೆಲೆ 50 ಲಕ್ಷ ರೂ.ವರೆಗಿನ ದೂರು ಅಲ್ಲಿಗೆ ಬರುತ್ತದೆ. 5 ಲಕ್ಷ ರೂ.ವರೆಗೆ ಶುಲ್ಕ ಇಲ್ಲ. ಎರಡು ವರ್ಷದೊಳಗೆ ದೂರು ಕೊಡಬೇಕು. ಮಾಲು ಬೆಂಗಳೂರಿಂದ ತರಿಸಿದ್ದರೂ ಗಿರಾಕಿ ವಾಸಿಸುವ ಜಿಲ್ಲೆಯಲ್ಲೇ ಕೇಸ್ ಹಾಕಬಹುದು. ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೇ ದೂರು ಸಲ್ಲಿಸಬಹುದು, ವಕೀಲರು ಇರಲೇಬೇಕು ಎಂದೇನಿಲ್ಲ.

ಬೇಡದ ಪ್ರಚಾರ ಕರೆ, ಎಸ್ಸೆಮ್ಮೆಸ್ ತಡೆಯಲು 1909. ಆನ್‌ಲೈನ್‌ನಲ್ಲಿ ಹಣ ಕಳೆದುಕೊಂಡರೆ ತಡಮಾಡದೆ 1930.

2027ರ ಮೇ ಒಳಗೆ ಅಂಗಡಿಯವರು ಮಾಡಿಕೊಳ್ಳಬೇಕಾದದ್ದು

• ನಂಬರ್ ಏಕೆ ಕೇಳುತ್ತೀರಿ ಎಂದು ಕೌಂಟರ್ ಮುಂದೆ ಕನ್ನಡದಲ್ಲಿ ಒಂದು ಸಾಲು ಬರೆಸಿ ಹಾಕಿ.
• ರಸೀದಿಗೆ ಕೊಟ್ಟ ನಂಬರ್ ಬೇರೆ, ಆಫರ್‌ಗೆ ಒಪ್ಪಿದವರ ನಂಬರ್ ಬೇರೆ ಇಡಿ. ‘ಬ್ಯಾಡ’ ಅಂದವರ ನಂಬರ್ ಅಂದೇ ತೆಗೆಯಿರಿ.
• ಬಿಲ್ಲಿಂಗ್ ಕಂಪ್ಯೂಟರ್, ಅಂಗಡಿಯ ಮೊಬೈಲ್‌ಗೆ ಲಾಕ್ ಇರಲಿ. ಕೆಲಸದ ಹುಡುಗರು ಬಿಟ್ಟು ಹೋದರೆ ಪಾಸ್‌ವರ್ಡ್ ಬದಲಿಸಿ.
• ಬಿಲ್ ಪುಸ್ತಕದಲ್ಲಿ ‘ವಾಪಸ್ ಇಲ್ಲ’ ಬದಲು ದೋಷದ ಮಾಲನ್ನು ಎಷ್ಟು ದಿನದೊಳಗೆ ತರಬೇಕು ಎಂದು ಅಚ್ಚು ಹಾಕಿಸಿ.
• ಬಿಲ್ಲಿಂಗ್ ಸಾಫ್ಟ್‌ವೇರ್ ಕೊಟ್ಟವರಿಗೆ, ಗಿರಾಕಿಗಳ ಮಾಹಿತಿ ಎಲ್ಲಿ ಉಳಿಯುತ್ತದೆ ಎಂದು ಕೇಳಿ. ಅಲ್ಲಿಂದ ಸೋರಿದರೂ ಕಾಯ್ದೆ ಪ್ರಕಾರ ಉತ್ತರ ಹೇಳಬೇಕಾದವರು ಅಂಗಡಿಯವರೇ.